ಜಾಲಪುಟಗಳ ಕೋಡ್ ಹಸನು: ಮುಂಬಯಿಯ ಕನ್ನಡ ಪುಟಗಳನ್ನು ಮುಂದಿಟ್ಟುಕೊಂಡು

ವರ್ಡ್, ಫ್ರಂಟ್‌ಪೇಜ್, ಡ್ರೀಮ್‌ವೀವರ್, ವರ್ಡ್‌ಪ್ರೆಸ್ ಮೊದಲಾದ ವಿಷುಯಲ್ ಎಡಿಟರ್‌ಗಳಲ್ಲಿ ತಯಾರಾದ ವೆಬ್ ಪುಟದಿಂದ ಓದುಗರಿಗೂ ಬ್ರೌಸರಿಗೂ ಬೇಕಿಲ್ಲದ ಟ್ಯಾಗು, ಶೈಲಿ ಸೂಚನೆ, ಸ್ಕ್ರಿಪ್ಟುಗಳನ್ನು ತೆಗೆದುಹಾಕುವ ಕೆಲಸವೇ ಕೋಡ್ ಹಸನು. ಅಕ್ಕಿಯಿಂದ ಕಲ್ಲು ಆರಿಸುವುದಕ್ಕೆ ಆಡುವ ಮಾತು ಇದಕ್ಕೂ ಒಪ್ಪುತ್ತದೆ. ಇಂಗ್ಲಿಷ್ ಪುಟದಲ್ಲಿ ಕಲ್ಲು ಯಾವುದು, ಕಾಳು ಯಾವುದು ಎಂದು ಯಂತ್ರವೇ ಹೇಳಬಲ್ಲದು. ಕನ್ನಡ ಪುಟದಲ್ಲಿ, ಅದರಲ್ಲೂ ಯುನಿಕೋಡ್ ಬೇರೂರುವ ಮುನ್ನ ತಯಾರಾದ ಪುಟದಲ್ಲಿ, ಕಲ್ಲಿನಂತೆ ಕಾಣುವುದು ಎಷ್ಟೋ ಸಲ ಕಾಳೇ ಆಗಿರುತ್ತದೆ. ಈ ವಿಷಯದ ಬಗೆಗಿನ ಹೆಚ್ಚಿನ ಕೈಪಿಡಿಗಳು ಇಂಗ್ಲಿಷ್ ಪುಟವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅವನ್ನು ಅಕ್ಷರಶಃ ಪಾಲಿಸಿದರೆ ಕನ್ನಡ ಕೆಡುತ್ತದೆ.

ಈ ಮಾತನ್ನು ಮುಂಬಯಿಯಿಂದ ಶುರುಮಾಡುವುದು ಸರಿ. ದೇಶದಲ್ಲಿ ಸಾರ್ವಜನಿಕ ಇಂಟರ್ನೆಟ್ 1995ರ ಆಗಸ್ಟ್ 15ರಂದು ಆರಂಭವಾದಾಗ ಅದನ್ನು ಒದಗಿಸಿದ ವಿದೇಶ ಸಂಚಾರ ನಿಗಮದ ಮುಖ್ಯ ಕಚೇರಿ ಇದ್ದದ್ದು ಈ ಊರಿನ ಫೋರ್ಟ್ ಪ್ರದೇಶದಲ್ಲಿ. ಅದಕ್ಕೂ ಮೊದಲು ವಿದ್ಯಾಸಂಸ್ಥೆಗಳ ಎರ್‌ನೆಟ್ ಜಾಲವನ್ನು ಹೊರದೇಶಕ್ಕೆ ಜೋಡಿಸಿದ ಕೇಂದ್ರಗಳಲ್ಲಿ ಜುಹೂವಿನ ಎನ್‌ಸಿಎಸ್‌ಟಿ (ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ) ಮುಖ್ಯವಾದದ್ದು. 1985ರಲ್ಲಿ ಹುಟ್ಟಿದ ಆ ಸಂಸ್ಥೆ ಈಗ ಸಿ-ಡ್ಯಾಕ್‌ನ ಭಾಗ. ರಿಡಿಫ್ ಪೋರ್ಟಲ್ ಶುರುವಾದದ್ದೂ ಇಲ್ಲಿಯೇ. ಕನ್ನಡಕ್ಕೆ ಬಂದರೆ, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ವನ್ನು ತಂದರು. ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಎಂದು ಅದನ್ನು ಗುರುತಿಸುತ್ತಾರೆ. ಆಗ ಗಣಕದಲ್ಲಿ ಕನ್ನಡ ಕೂರುತ್ತಿದ್ದ ಬಗೆಯನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಅದಕ್ಕೆ ಮೊದಲು ಕಸ ಎಲ್ಲಿಂದ ಬರುತ್ತದೆ ಎನ್ನುವುದನ್ನು ನೋಡಬೇಕು.

ಕಸ ಹುಟ್ಟುವ ಬಗೆ

ಟಿಮ್ ಬರ್ನರ್ಸ್-ಲೀ 1990ರಲ್ಲಿ ಬರೆದ ಮೊದಲ ಬ್ರೌಸರ್ ಸ್ವತಃ ಒಂದು ಎಡಿಟರ್ ಕೂಡ ಆಗಿತ್ತು. ಅಂದರೆ ಕಂಡಂತೆ ಬರೆಯುವ ಆಸೆ ವೆಬ್ಬಿನಷ್ಟೇ ಹಳೆಯದು. ತೊಡಕು ಇರುವುದು ಎರಡು ಉದ್ದೇಶಗಳ ನಡುವೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದು ಹೇಳುವುದು ಎಚ್‌ಟಿಎಂಎಲ್‌ನ ಕೆಲಸ. ಎಡಿಟರಿನ ಮುಂದೆ ಕುಳಿತವರಿಗೆ ಬೇಕಿರುವುದು ಅಕ್ಷರ ದಪ್ಪಗಿರಬೇಕು, ಕೆಂಪಗಿರಬೇಕು, ನಡುವಿಗೆ ಬರಬೇಕು ಎನ್ನುವುದು. ಗುಂಡಿ ಒತ್ತಿದಾಗಲೆಲ್ಲ ಎಡಿಟರ್ ಒಂದು ಟ್ಯಾಗ್ ಸುತ್ತುತ್ತದೆ. ಮನಸ್ಸು ಬದಲಿಸಿ ಇನ್ನೊಂದು ಗುಂಡಿ ಒತ್ತಿದರೆ ಹಳೆಯದನ್ನು ಬಿಚ್ಚದೆ ಮೇಲೆ ಮತ್ತೊಂದು ಸುತ್ತುತ್ತದೆ. ಸಾಲನ್ನು ಅಳಿಸಿದರೂ ಅದರ ಖಾಲಿ ಪ್ಯಾರಾ ಉಳಿಯುತ್ತದೆ, ಒಳಗೆ ಒಂದು ಬಿಡದ ಖಾಲಿ ಜಾಗ ಇಟ್ಟುಕೊಂಡು.

ವರ್ಮೀರ್ ಟೆಕ್ನಾಲಜೀಸ್ 1995ರಲ್ಲಿ ಹೊರತಂದ ಫ್ರಂಟ್‌ಪೇಜ್ ಅನ್ನು ಮೈಕ್ರೋಸಾಫ್ಟ್ ಮರುವರ್ಷವೇ ಕೊಂಡಿತು. ಹಳೆಯ ಸರ್ವರುಗಳನ್ನು ಕೆದಕಿದರೆ ‘ವಿಟಿಐ’ ಎಂದು ಶುರುವಾಗುವ ಫೋಲ್ಡರುಗಳು ಇಂದಿಗೂ ಸಿಗುತ್ತವೆ. ಅದು ವರ್ಮೀರ್ ಕಂಪನಿಯ ಹೆಸರಿನ ಮೊದಲಕ್ಷರಗಳು, ಕಂಪನಿ ಹೋದರೂ ಉಳಿದ ನಾಮಫಲಕ. ಮ್ಯಾಕ್ರೋಮೀಡಿಯಾ 1997ರ ಕೊನೆಗೆ ತಂದ ಡ್ರೀಮ್‌ವೀವರ್ ಹೆಚ್ಚು ಸಭ್ಯವಾಗಿತ್ತು. ಆದರೂ ಚಿತ್ರದ ಮೇಲೆ ಮೌಸ್ ಹೋದಾಗ ಚಿತ್ರ ಬದಲಾಗಲು ಅದು ತುರುಕುತ್ತಿದ್ದ ಉದ್ದನೆಯ ಸ್ಕ್ರಿಪ್ಟು, ಮೆನು ತೆಗೆದ ಮೇಲೂ ಪುಟದ ತಲೆಯಲ್ಲಿ ಕುಳಿತೇ ಇರುತ್ತಿತ್ತು.

ಇವೆರಡನ್ನೂ ಮೀರಿಸಿದ್ದು ವರ್ಡ್ 2000. ಪುಟವನ್ನು ಎಚ್‌ಟಿಎಂಎಲ್ ಆಗಿ ಉಳಿಸಿ, ಮತ್ತೆ ವರ್ಡಿನಲ್ಲೇ ತೆರೆದರೆ ಅಂಚು, ಟ್ಯಾಬು, ಅಡಿಟಿಪ್ಪಣಿ ಏನೂ ಕಳೆಯಬಾರದು ಎನ್ನುವುದು ಅದರ ವಿನ್ಯಾಸ. ಹಾಗಾಗಿ ಬ್ರೌಸರಿಗೆ ಅರ್ಥವೇ ಆಗದ ‘ಎಂಎಸ್‌ಓ’ ಶೈಲಿಗಳನ್ನೂ ಅದು ಪುಟದೊಳಗೇ ಬರೆದಿಡುತ್ತಿತ್ತು. ದಡ್ಡತನದಿಂದ ಹುಟ್ಟಿದ ಕಸ ಇದಲ್ಲ, ತನ್ನ ಮನೆಯ ಸಾಮಾನನ್ನೆಲ್ಲ ಪಕ್ಕದ ಮನೆಯಲ್ಲಿ ಇಟ್ಟುಹೋದ ಹಾಗೆ. ದೂರು ಹೆಚ್ಚಿದಾಗ ಮೈಕ್ರೋಸಾಫ್ಟೇ ಒಂದು ಸೋಸುವ ಸಾಧನ ಕೊಟ್ಟಿತು. ಮುಂದಿನ ಆವೃತ್ತಿಯಲ್ಲಿ ‘ಸೋಸಿದ ವೆಬ್ ಪುಟ’ವಾಗಿ ಉಳಿಸುವ ಆಯ್ಕೆ ಬಂತು.

ಮುಂಬಯಿಯ ಡಯಲ್-ಅಪ್ ಬಳಕೆದಾರರಿಗೆ ಇದು ಕಾಸಿನ ಪ್ರಶ್ನೆಯಾಗಿತ್ತು. ಸೆಕೆಂಡಿಗೆ 9.6 ಕಿಲೋಬಿಟ್ ಸಾಗಿಸುವ ಮೋಡೆಮಿನಲ್ಲಿ 60 ಕಿಲೋಬೈಟಿನ ಪುಟ ಇಳಿಯಲು 50 ಸೆಕೆಂಡಿಗೂ ಹೆಚ್ಚು ಬೇಕು, ಲೈನು ಕಡಿಯದಿದ್ದರೆ. ಅದರಲ್ಲಿ ಅರ್ಧ ಕಸವಾದರೆ ಅಷ್ಟು ಹೊತ್ತು ಫೋನು ಕಸಕ್ಕಾಗಿ ಓಡಿತು ಎಂದೇ ಲೆಕ್ಕ. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಶೆಲ್ ಖಾತೆಯಲ್ಲಿ ಬರಿಯ ಅಕ್ಷರಗಳು, ಅದೂ ಇಂಗ್ಲಿಷಿನವು ಮಾತ್ರ ಕಾಣುತ್ತಿದ್ದವು. ಅಲ್ಲಿ ಕನ್ನಡದ ಪ್ರಶ್ನೆಯೇ ಇರಲಿಲ್ಲ.

ಫಾಂಟ್ ಟ್ಯಾಗಿನೊಳಗಿನ ಕನ್ನಡ

ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಸಾಮಾನ್ಯರ ಗಣಕಕ್ಕೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ, ತುಂಗಾ ಫಾಂಟಿನ ಮೂಲಕ. (ತುಂಗಾ ಸೇರಿ ಮೈಕ್ರೋಸಾಫ್ಟಿನ ಹಲವು ಭಾರತೀಯ ಫಾಂಟುಗಳ ಹಿಂದೆ ಟೈಪ್ ನಿರ್ದೇಶಕರಾಗಿ ಇದ್ದವರು ಐಐಟಿ ಬಾಂಬೆಯಲ್ಲಿ ಕಲಿಸಿ, ಆಮೇಲೆ ಜುಹೂವಿನ ಎನ್‌ಸಿಎಸ್‌ಟಿಯಲ್ಲಿ ದುಡಿದ ಲಿಪಿಕಾರ ಆರ್.ಕೆ. ಜೋಶಿ.) ಅಲ್ಲಿಯವರೆಗೆ, ಮತ್ತು ಅಭ್ಯಾಸಬಲದಿಂದ ಅದರ ನಂತರವೂ ಹಲವು ವರ್ಷ, ವೆಬ್ ಪುಟದ ಕನ್ನಡ ನಿಜವಾಗಿ ಕನ್ನಡವಾಗಿರಲಿಲ್ಲ. ಪುಟದಲ್ಲಿ ಇರುತ್ತಿದ್ದುದು ಯೂರೋಪಿನ ಅಕ್ಷರಗಳು. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸುತ್ತಿದ್ದುದು ಫಾಂಟು.

ನುಡಿ ಮತ್ತು ಬರಹ ತಂತ್ರಾಂಶಗಳ ಸಂಕೇತಕ್ರಮದಲ್ಲಿ ‘ಕನ್ನಡ’ ಎಂಬ ಪದವನ್ನೇ ಬಿಡಿಸಿ ನೋಡಬಹುದು. ಮೊದಲು ದೊಡ್ಡ ‘ಪಿ’. ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’. ಇವೆರಡೂ ಸೇರಿ ‘ಕ’. ಬಳಿಕ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಓರೆಗೆರೆಯ ‘ಎ’: ಇದು ‘ನ’. ಅದರ ಹಿಂದೆ ಜರ್ಮನರ ಜೋಡಿ ಎಸ್, ಅದೇ ‘ನ’ದ ಒತ್ತು. ಕೊನೆಗೆ ಸಣ್ಣ ‘ಕ್ಯು’, ಮತ್ತೊಂದು ‘ಎ’: ‘ಡ’. ಒಟ್ಟು ಏಳು ಚಿಹ್ನೆ, ಏಳು ಬೈಟು. ಇವನ್ನು ಕನ್ನಡವಾಗಿ ತೋರಿಸುವುದು ಸುತ್ತಲಿನ ಫಾಂಟ್ ಟ್ಯಾಗಿನಲ್ಲಿ ಬರೆದ ಫಾಂಟಿನ ಹೆಸರು ಮಾತ್ರ. ಆ ಟ್ಯಾಗ್ ಕಿತ್ತರೆ ಪೌಂಡು, ಎ, ಕ್ಯುಗಳ ಸಂತೆ ಉಳಿಯುತ್ತದೆ. ‘ಫಾಂಟ್ ಒಡೆದುಹೋಗಿದೆ’ ಎಂದು ಡಿಟಿಪಿಯವರು ಹೇಳುತ್ತಿದ್ದುದು ಇದಕ್ಕೇ.

ಇಲ್ಲೊಂದು ವಿಪರ್ಯಾಸವಿದೆ. ಫಾಂಟ್ ಟ್ಯಾಗನ್ನು ಇನ್ನು ಬಳಸಬೇಡಿ, ಶೈಲಿಯೆಲ್ಲ ಸಿಎಸ್‌ಎಸ್‌ಗೆ ಹೋಗಲಿ ಎಂದು ಎಚ್‌ಟಿಎಂಎಲ್ 4.0 ಹೇಳಿದ್ದು 1997ರ ಡಿಸೆಂಬರಿನಲ್ಲಿ. ಕನ್ನಡ ಪುಟಗಳು ಅದೇ ಟ್ಯಾಗಿನ ಮೇಲೆ ಜೀವ ಇಟ್ಟುಕೊಂಡು ಹುಟ್ಟುತ್ತಿದ್ದುದೂ ಅದೇ ಹೊತ್ತಿನಲ್ಲಿ. ಜಗತ್ತಿನ ಹಸನುಗಾರರೆಲ್ಲ ಮೊದಲು ಕೈಹಾಕಿದ್ದು ಫಾಂಟ್ ಟ್ಯಾಗಿಗೆ. ಕನ್ನಡದಲ್ಲಿ ಅದೊಂದೇ ಮುಟ್ಟಬಾರದ್ದು.

ಓದುವವರ ಗಣಕದಲ್ಲಿ ಆ ಫಾಂಟು ಇಲ್ಲದಿದ್ದರೆ? ಅದಕ್ಕೆ ಡೈನಮಿಕ್ ಫಾಂಟು ಎಂಬ ಉಪಾಯ ಬಂತು. ನೆಟ್‌ಸ್ಕೇಪ್ 4ಕ್ಕೆ ಬಿಟ್‌ಸ್ಟ್ರೀಮಿನ ಟ್ರೂಡಾಕ್ ಕಡತ, ಇಂಟರ್ನೆಟ್ ಎಕ್ಸ್‌ಪ್ಲೋರರ್ 4ಕ್ಕೆ ಮೈಕ್ರೋಸಾಫ್ಟಿನ ವೆಫ್ಟ್ ಸಾಧನ ತಯಾರಿಸಿದ ಬೇರೊಂದು ಕಡತ. ಎರಡಕ್ಕೂ ಕೊಂಡಿ ಕೊಡುವ ಸಾಲುಗಳು ಪುಟದ ತಲೆಯಲ್ಲಿ. 2000ದಲ್ಲಿ ನೆಟ್‌ಸ್ಕೇಪ್ 6 ಟ್ರೂಡಾಕನ್ನು ಕೈಬಿಟ್ಟಿತು. ಅಂದಿನಿಂದ ಆ ಕೊಂಡಿಯ ಸಾಲು ನಿಜವಾದ ಕಸ. ಅದರ ಪಕ್ಕದ ಫಾಂಟ್ ಟ್ಯಾಗ್ ಮಾತ್ರ ಇವತ್ತಿಗೂ ಕಸವಲ್ಲ, ಏಕೆಂದರೆ ಪುಟ ಯಾವ ಸಂಕೇತಕ್ರಮದಲ್ಲಿದೆ ಎನ್ನುವುದಕ್ಕೆ ಉಳಿದ ಸಾಕ್ಷಿ ಅದೊಂದೇ.

ಸಾಕ್ಷಿ ಎಂದದ್ದಕ್ಕೆ ಮುಂಬಯಿಯ ಹಿನ್ನೆಲೆಯಲ್ಲಿ ವಿಶೇಷ ತೂಕವಿದೆ. ಕನ್ನಡ ಅಚ್ಚಿನ ವಹಿವಾಟು ಇಲ್ಲಿ ದೊಡ್ಡದು. ಮೊಗವೀರ ವ್ಯವಸ್ಥಾಪಕ ಮಂಡಳಿಯ ‘ಮೊಗವೀರ’, ಬಿಲ್ಲವರ ಅಸೋಸಿಯೇಶನ್ನಿನ ‘ಅಕ್ಷಯ’, ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನ ‘ನೇಸರು’, ಜೊತೆಗೆ ‘ಕರ್ನಾಟಕ ಮಲ್ಲ’ ದಿನಪತ್ರಿಕೆ; ಇವಲ್ಲದೆ ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ಆಮಂತ್ರಣ, ಯಕ್ಷಗಾನದ ಕರಪತ್ರಗಳಿಗೆ ಲೆಕ್ಕವಿಲ್ಲ. ಕನ್ನಡ ಡಿಟಿಪಿ ಒಂದೇ ತಂತ್ರಾಂಶದಲ್ಲಿ ನಡೆಯುತ್ತಿರಲಿಲ್ಲ. ಒಬ್ಬರಲ್ಲಿ ಪುಣೆಯ ಶ್ರೀಲಿಪಿ, ಇನ್ನೊಬ್ಬರಲ್ಲಿ ಬೆಂಗಳೂರಿನ ಆಕೃತಿ, 1998ರ ನಂತರ ಪುಕ್ಕಟೆ ಸಿಕ್ಕ ಬರಹ, ಮತ್ತೆ ಕನ್ನಡ ಗಣಕ ಪರಿಷತ್ತಿನ ನುಡಿ. ಒಂದರ ‘ಕ’ ಇನ್ನೊಂದರ ‘ಕ’ ಅಲ್ಲ. ಇಂಥ ಕಡತಗಳಿಂದ ಬಂದ ಮಾತು ಒಂದೇ ಜಾಲಪುಟದಲ್ಲಿ ಸೇರಿದಾಗ, ಯಾವ ಪ್ಯಾರಾ ಯಾವ ಮೂಲದ್ದು ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ.

ಆದ್ದರಿಂದ ಇಂಥ ಪುಟದಲ್ಲಿ ಕೆಲಸದ ಸರಣಿ ತಿರುವುಮುರುವಾಗುತ್ತದೆ. ಮೊದಲು ಟ್ಯಾಗ್ ಕಿತ್ತು, ಆಮೇಲೆ ಮಾತನ್ನು ಯುನಿಕೋಡಿಗೆ ಪರಿವರ್ತಿಸಿದರೆ ಕನ್ನಡದ ನಡುವೆ ಇದ್ದ ಇಂಗ್ಲಿಷ್ ಹೆಸರು, ಇ-ಮೇಲ್ ವಿಳಾಸ, ಎಲ್ಲವೂ ಪರಿವರ್ತಕದ ಬಾಯಿಗೆ ಬಿದ್ದು ಅರ್ಥವಿಲ್ಲದ ಕನ್ನಡವಾಗುತ್ತವೆ. ಫಾಂಟ್ ಟ್ಯಾಗ್ ಎಲ್ಲಿ ಮುಚ್ಚಿ ಎಲ್ಲಿ ತೆರೆಯಿತು ಎಂಬುದೇ ಇಂಗ್ಲಿಷಿಗೂ ಕನ್ನಡಕ್ಕೂ ನಡುವಿನ ಬೇಲಿ. ಟ್ಯಾಗಿನೊಳಗಿದ್ದುದನ್ನು ಮಾತ್ರ, ಅದರ ಹೆಸರಿಗೆ ತಕ್ಕ ಕೋಷ್ಟಕದಿಂದ ಪರಿವರ್ತಿಸಿ, ಆಮೇಲೆ ಟ್ಯಾಗನ್ನು ಬಿಚ್ಚಬೇಕು. ಪರಿವರ್ತನೆಯಾದ ಮೇಲೆ ಇನ್ನೊಂದು ಸಣ್ಣ ಕೆಲಸ ಉಳಿದಿರುತ್ತದೆ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಅಲ್ಲ. ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ಹಸನಿನ ಭಾಗವೇ.

ಇಂಗ್ಲಿಷಿನ ಸಣ್ಣಕ್ಷರವನ್ನು ದೊಡ್ಡಕ್ಷರ (ಕ್ಯಾಪಿಟಲ್) ಮಾಡುವ ಶೈಲಿಯೂ ಇಂಥ ಪುಟಕ್ಕೆ ಅಪಾಯ. ಶೀರ್ಷಿಕೆಯ ಇಂಗ್ಲಿಷ್ ಅಕ್ಷರಗಳನ್ನೆಲ್ಲ ದೊಡ್ಡದು ಮಾಡುವ ಒಂದು ಸಿಎಸ್‌ಎಸ್ ಸಾಲು ಬಹಳ ಟೆಂಪ್ಲೇಟುಗಳಲ್ಲಿ ಇರುತ್ತದೆ. ನುಡಿಯ ಪುಟಕ್ಕೆ ಅದು ತಗುಲಿದರೆ ಸಣ್ಣ ‘ಕ್ಯು’ ದೊಡ್ಡದಾಗುತ್ತದೆ, ‘ಡ’ ಹೋಗಿ ‘ಕಿ’ ಬಂದು ಕೂರುತ್ತದೆ.

ವರ್ಡಿನಿಂದ ಬಂದ ಯುನಿಕೋಡ್

ಯುನಿಕೋಡ್ ಬಂದ ಮೇಲೆ ಕನ್ನಡ ಕನ್ನಡವಾಯಿತು, ಹೊದಿಕೆ ಮಾತ್ರ ಇನ್ನೂ ದಪ್ಪವಾಯಿತು. ವರ್ಡ್ ತನ್ನೊಳಗೆ ಲ್ಯಾಟಿನ್ ಅಕ್ಷರಗಳಿಗೆ ಒಂದು ಫಾಂಟು, ‘ಸಂಕೀರ್ಣ ಲಿಪಿ’ಗಳಿಗೆ ಇನ್ನೊಂದು ಫಾಂಟು ಎಂದು ಲೆಕ್ಕ ಇಡುತ್ತದೆ. ಕನ್ನಡ ಎರಡನೆಯ ಗುಂಪಿಗೆ ಸೇರುತ್ತದೆ. ಪದಗಳ ನಡುವಿನ ಖಾಲಿ ಜಾಗ, ಅಲ್ಪವಿರಾಮ, ಅಂಕಿಗಳು ಹಲವು ಬಾರಿ ಮೊದಲ ಗುಂಪಿಗೆ ಬೀಳುತ್ತವೆ. ಪುಟವಾಗಿ ಉಳಿಸಿದಾಗ ಒಂದೊಂದು ಕನ್ನಡ ಪದಕ್ಕೂ ಒಂದೊಂದು ಸ್ಪ್ಯಾನ್ ಟ್ಯಾಗ್, ನಡುವಿನ ಜಾಗಕ್ಕೆ ಮತ್ತೊಂದು.

‘ತಾಳಮದ್ದಳೆ’ ಎಂಬ ಪದ ತೆಗೆದುಕೊಳ್ಳಿ. ಒಂಬತ್ತು ಸಂಕೇತ, ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ತಲಾ 3 ಬೈಟಿನಂತೆ 27 ಬೈಟು. ಅದರ ಭಾಷೆ ಕನ್ನಡ, ಫಾಂಟು ತುಂಗಾ ಎಂದಷ್ಟೇ ಹೇಳುವ ತೀರ ಸಣ್ಣ ಸ್ಪ್ಯಾನ್ ಹೊದಿಕೆ, ಮುಚ್ಚುವ ಟ್ಯಾಗೂ ಸೇರಿ, ಸುಮಾರು 47 ಬೈಟು. ಇಂಥ 300 ಪದಗಳ ಒಂದು ಆಮಂತ್ರಣದಲ್ಲಿ ಮಾತು ಸುಮಾರು 8 ಕಿಲೋಬೈಟು, ಹೊದಿಕೆ 14. ಹಲಸಿನ ಹಣ್ಣು ಕೊಯ್ದ ಮನೆಯವರಿಗೆ ಈ ಪ್ರಮಾಣ ಹೊಸದೇನಲ್ಲ. ಅದೇ ಮಾತು ಇಂಗ್ಲಿಷಿನಲ್ಲಿದ್ದರೆ ಪ್ಯಾರಾಕ್ಕೊಂದು ಹೊದಿಕೆ ಸಾಕಾಗುತ್ತಿತ್ತು.

ಇನ್ನೊಂದು ಬಗೆಯ ಉಬ್ಬರ ಫ್ರಂಟ್‌ಪೇಜ್ ಕಾಲದ್ದು. ಪುಟದ ಸಂಕೇತಕ್ರಮ ಪಶ್ಚಿಮ ಯೂರೋಪಿನದೆಂದು ಘೋಷಣೆಯಾಗಿದ್ದರೆ ಎಡಿಟರ್ ಪ್ರತಿ ಕನ್ನಡ ಅಕ್ಷರವನ್ನೂ ಅಂಕಿಯಾಗಿ ಬರೆಯುತ್ತಿತ್ತು. ‘ಕ’ ಎಂದರೆ ಆಂಪರ್ಸ್ಯಾಂಡ್, ಹ್ಯಾಶ್, 3221, ಅರ್ಧವಿರಾಮ. ಒಂದಕ್ಷರಕ್ಕೆ ಏಳು ಬೈಟು. ‘ಕನ್ನಡ’ ಪದ ನುಡಿಯಲ್ಲಿ 7 ಬೈಟು, ಯುಟಿಎಫ್-8ರಲ್ಲಿ 15, ಈ ಅಂಕಿ ರೂಪದಲ್ಲಿ 35. ಬ್ರೌಸರ್ ಅದನ್ನು ಸರಿಯಾಗಿಯೇ ತೋರಿಸುತ್ತದೆ, ತಿದ್ದಲು ಕುಳಿತ ಮನುಷ್ಯನಿಗೆ ಮಾತ್ರ ಕಣ್ಣು ಕಟ್ಟುತ್ತದೆ. ಪುಟವನ್ನು ಯುಟಿಎಫ್-8 ಎಂದು ಘೋಷಿಸಿ, ಅಂಕಿಗಳನ್ನು ಅಕ್ಷರಕ್ಕೆ ತಿರುಗಿಸಿಕೊಳ್ಳುವುದು ಇಡೀ ಹಸನಿನಲ್ಲೇ ಹೆಚ್ಚು ಫಲ ಕೊಡುವ, ಕಡಿಮೆ ಅಪಾಯದ ಹೆಜ್ಜೆ.

ಸರ್ವರುಗಳು ಪುಟವನ್ನು ಜಿಜಿಪ್‌ನಿಂದ ಒತ್ತಿ ಕಳಿಸುವುದು ರೂಢಿಯಾದ ಮೇಲೆ ಮರುಕಳಿಸುವ ಸ್ಪ್ಯಾನುಗಳ ತೂಕ ದಾರಿಯಲ್ಲಿ ಬಹಳ ಇಳಿಯುತ್ತದೆ, ಹಾಗಾಗಿ ಹಸನು ಬೇಡ ಎಂಬ ವಾದವಿದೆ. ದಾರಿಯ ಮಟ್ಟಿಗೆ ಅದು ನಿಜ. ಆದರೆ ಪುಟ ತಲುಪಿದ ಮೇಲೆ ಅಗ್ಗದ ಫೋನು ಅದನ್ನೆಲ್ಲ ಮತ್ತೆ ಬಿಚ್ಚಿ ಓದಲೇಬೇಕು. ನಾಳೆ ದಿನಾಂಕ ತಿದ್ದಬೇಕಾದವರಿಗೆ ಸಿಗುವುದೂ ಅದೇ ಗೋಜಲು.

ತೊಳೆಯುವ ಸಾಧನಗಳು

ಕೋಡ್ ತೊಳೆಯುವ ಸಾಧನಗಳಲ್ಲಿ ಹಿರಿಯದು ಟೈಡಿ. ಡಬ್ಲ್ಯು3ಸಿಯ ಡೇವ್ ರ‍್ಯಾಗೆಟ್ 1990ರ ದಶಕದ ಕೊನೆಯಲ್ಲಿ ಬರೆದದ್ದು, ಈಗ ಸ್ವಯಂಸೇವಕರ ಗುಂಪು ನೋಡಿಕೊಳ್ಳುತ್ತದೆ. ತಪ್ಪಾಗಿ ಹೆಣೆದ ಟ್ಯಾಗುಗಳನ್ನು ಸರಿಪಡಿಸುತ್ತದೆ, ಖಾಲಿ ಪ್ಯಾರಾ ತೆಗೆಯುತ್ತದೆ, ವರ್ಡ್ 2000ದ ಹೊದಿಕೆ ಬಿಚ್ಚಲೆಂದೇ ಅದರಲ್ಲಿ ಒಂದು ಆಯ್ಕೆ ಇದೆ. ಹಳೆಯ ಟೈಡಿಗೆ ಸಂಕೇತಕ್ರಮ ಹೇಳದೆ ಕನ್ನಡ ಪುಟ ಕೊಟ್ಟರೆ ಅದು ಯುಟಿಎಫ್-8ರ ಮೂರು ಬೈಟುಗಳನ್ನು ಮೂರು ಯೂರೋಪಿಯನ್ ಅಕ್ಷರಗಳೆಂದು ತಿಳಿದು ಅಷ್ಟನ್ನೂ ಶ್ರದ್ಧೆಯಿಂದ ಕೆಡಿಸಿಡುತ್ತಿತ್ತು. ಡ್ರೀಮ್‌ವೀವರಿನಲ್ಲಿ ಎಚ್‌ಟಿಎಂಎಲ್ ಹಸನಿಗೆ ಒಂದು, ವರ್ಡ್ ಪುಟದ ಹಸನಿಗೆ ಇನ್ನೊಂದು ಆಜ್ಞೆ ಇತ್ತು. ಫಾಂಟ್ ಟ್ಯಾಗ್ ತೆಗೆಯುವ ಗುರುತನ್ನು ಯೋಚಿಸದೆ ಒತ್ತಿದರೆ ಆಗುವುದೇನು ಎಂದು ಮೇಲೆ ನೋಡಿದೆವು. ನೆಗಡಿಗೆ ಮೂಗು ಕೊಯ್ದುಕೊಂಡಂತೆ.

ಸಾಮಾನ್ಯ ಬಳಕೆದಾರರ ಸಾಧನ ಮಾತ್ರ ನೋಟ್‌ಪ್ಯಾಡ್. ವರ್ಡಿನಿಂದ ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಒಮ್ಮೆ ಮುಳುಗಿಸಿ ಎತ್ತಿದರೆ ಬಣ್ಣ, ಟ್ಯಾಗು ಎಲ್ಲ ಕಳಚಿ ಬರಿಯ ಮಾತು ಉಳಿಯುತ್ತದೆ. ಈ ಸ್ನಾನವೂ ಕನ್ನಡಕ್ಕೆ ಎಲ್ಲ ಕಾಲಕ್ಕೆ ಕ್ಷೇಮವಾಗಿರಲಿಲ್ಲ. ವಿಂಡೋಸ್ 98ರ ನೋಟ್‌ಪ್ಯಾಡಿಗೆ ಯುನಿಕೋಡ್ ಗೊತ್ತಿರಲಿಲ್ಲ; ಅಂಟಿಸಿದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿತ್ತು. ಎಕ್ಸ್‌ಪಿಯಲ್ಲಿ ಅಕ್ಷರ ಕಾಣುತ್ತಿತ್ತು, ಆದರೆ ಉಳಿಸುವಾಗ ಆನ್ಸಿ ಎಂಬ ಪೂರ್ವನಿಗದಿತ ಆಯ್ಕೆಗೆ ಹೂಂ ಎಂದರೆ ಮತ್ತೆ ಅದೇ ಪ್ರಶ್ನೆಗಳ ಸಾಲು. ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸತೊಡಗಿದ್ದು 2019ರಲ್ಲಿ.

ಬ್ರೌಸರಿನೊಳಗಿನ ಎಡಿಟರ್‌ಗಳು (2003ರ ಎಫ್‌ಸಿಕೆ ಎಡಿಟರ್, 2004ರ ಟೈನಿಎಂಸಿಇ) ಬಂದಮೇಲೆ ಹಸನಿನ ಹೊತ್ತು ಬದಲಾಯಿತು. ಪುಟ ತಯಾರಾದ ಮೇಲೆ ತೊಳೆಯುವ ಬದಲು ಅಂಟಿಸುವಾಗಲೇ ಸೋಸುವುದು. 2018ರವರೆಗೆ ವರ್ಡ್‌ಪ್ರೆಸ್ಸಿನೊಳಗೆ ಕೂತಿದ್ದ ಎಡಿಟರ್ ಟೈನಿಎಂಸಿಇಯೇ. ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒತ್ತಿ ಅಂಟಿಸಿದರೆ ಬರಿಯ ಮಾತು ಬರುತ್ತದೆ. ಇದೊಂದನ್ನು ರೂಢಿ ಮಾಡಿಕೊಂಡರೆ ಈ ಲೇಖನದ ಅರ್ಧ ಭಾಗ ಬೇಡವಾಗುತ್ತದೆ. ಸರ್ವರಿನಲ್ಲಿ ನಡೆಯುವ ಸೋಸುವಿಕೆಯ ಉದ್ದೇಶ ಬೇರೆ, ಅದು ಅಂದಕ್ಕಿಂತ ಭದ್ರತೆಯದು. ಕದ್ದು ಸೇರಿಸಿದ ಸ್ಕ್ರಿಪ್ಟು, ಕಾಣದ ಐಫ್ರೇಮುಗಳನ್ನು ತಡೆಯಲು ಅನುಮತಿಸಿದ ಟ್ಯಾಗುಗಳ ಪಟ್ಟಿಯೊಂದನ್ನು ಇಟ್ಟು ಉಳಿದದ್ದನ್ನು ಕತ್ತರಿಸುತ್ತಾರೆ.

ಕಿವಿಯಿಂದ ಓದುವವರು

ಕಸ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಖಾಲಿ ಪ್ಯಾರಾ ಕೂಡ ಒಂದು ಪ್ಯಾರಾ. ವಿನ್ಯಾಸಕ್ಕೆಂದು ಹೆಣೆದ ಕೋಷ್ಟಕದೊಳಗಿನ ಕೋಷ್ಟಕ ‘ಸಾಲು ಇಷ್ಟು, ಕಂಬ ಇಷ್ಟು’ ಎಂದು ಕೇಳಿಸುತ್ತದೆ. ಇಂಥ ಓದುಗರು ಮುಂಬಯಿಗೆ ಹೊಸಬರಲ್ಲ: ರಾಷ್ಟ್ರೀಯ ಅಂಧರ ಸಂಘದ ಕೇಂದ್ರ ಇಲ್ಲಿನ ವರಳಿಯಲ್ಲಿದೆ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಿಂದ ದೃಷ್ಟಿದೋಷವುಳ್ಳವರ ಸಂಪನ್ಮೂಲ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಕೇಂದ್ರ ಸರಕಾರ 2009ರಲ್ಲಿ ಸರಕಾರಿ ಜಾಲತಾಣಗಳಿಗೆ ತಂದ ಮಾರ್ಗಸೂಚಿಯೂ ಇಂಥ ಓದುಗರನ್ನು ಲೆಕ್ಕಕ್ಕೆ ತೆಗೆದುಕೊಂಡಿತು.

ಕನ್ನಡಕ್ಕೆ ಇಲ್ಲಿಯೂ ಒಂದು ಸೂಕ್ಷ್ಮ ಇದೆ. ವರ್ಡ್ ಪ್ರತಿ ಸ್ಪ್ಯಾನಿನಲ್ಲೂ ಬರೆದಿಡುವ ಭಾಷಾ ಸೂಚನೆಯನ್ನು ಹಸನುಗಾರ ಗುಡಿಸಿಹಾಕುತ್ತಾನೆ. ಉಳಿದದ್ದು ಟೆಂಪ್ಲೇಟಿನ ತಲೆಯಲ್ಲಿ ಅಮೆರಿಕನ್ ಇಂಗ್ಲಿಷ್ ಎಂಬ ಘೋಷಣೆ. ಆಗ ಓದುವ ಯಂತ್ರ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡವರಿಸಬಹುದು, ಇಲ್ಲವೇ ಬಾಯಿ ಮುಚ್ಚಿಕೊಳ್ಳಬಹುದು. ಮುನ್ನೂರು ಸ್ಪ್ಯಾನಿನ ಸೂಚನೆ ತೆಗೆಯುವುದು ಸರಿಯೇ, ಅದಕ್ಕೆ ಪ್ರತಿಯಾಗಿ ಪುಟದ ಮೊದಲ ಟ್ಯಾಗಿನಲ್ಲಿ ಒಮ್ಮೆ ಕನ್ನಡವೆಂದು ಬರೆಯಬೇಕು.

ಕಾಣದ ಅಕ್ಷರ ಮತ್ತು ಲೋಕಲ್ ಸ್ಟೇಷನ್ನುಗಳು

ಮುಂಬಯಿಯ ಕನ್ನಡ ಪುಟಕ್ಕೆ ಧಾರವಾಡದ ಪುಟಕ್ಕಿಲ್ಲದ ಒಂದು ತೊಂದರೆಯಿದೆ. ಧಾರವಾಡ, ಮೈಸೂರು, ಉಡುಪಿ ಸ್ವರದಲ್ಲಿ ಮುಗಿಯುವ ಹೆಸರುಗಳು. ವಿಭಕ್ತಿ ತಾನಾಗಿ ಕೂಡಿಕೊಳ್ಳುತ್ತದೆ. ಮುಂಬಯಿಯ ಉಪನಗರ ರೈಲಿನ ಹಾದಿಯೋ ವ್ಯಂಜನಾಂತ: ದಾದರ್, ಚೆಂಬೂರ್, ಘಾಟ್‌ಕೋಪರ್, ಮುಲುಂಡ್. ‘ದಾದರ್‌ಗೆ’ ಎಂದು ಬರೆಯಬೇಕಾದರೆ ಅರ್ಧ ‘ರ್’ ಮುಂದಿನ ‘ಗೆ’ಗೆ ಅಂಟಿಕೊಳ್ಳದಂತೆ ನಡುವೆ ಒಂದು ಅದೃಶ್ಯ ಸಂಕೇತ ಇಡಬೇಕು. ಯುನಿಕೋಡಿನಲ್ಲಿ ಅದರ ಹೆಸರು ಶೂನ್ಯ ಅಗಲದ ಬೇರ್ಪಡಿಕೆ, ಯುಟಿಎಫ್-8ರಲ್ಲಿ 3 ಬೈಟು. ಅದು ಹೋದರೆ ‘ದಾದರ್ಗೆ’. ‘ಘಾಟ್‌ಕೋಪರ್’ ಹೋಗಿ ‘ಘಾಟ್ಕೋಪರ್’. ಇದರ ಜೋಡಿಯಾದ ಕೂಡಿಸುವ ಸಂಕೇತ ಹೋದರೆ ‘ರ‍್ಯಾಂಕ್’ ಎಂದು ಬರೆದದ್ದು ‘ರ್ಯಾಂಕ್’ ಆಗುತ್ತದೆ.

ಅಗಲವಿಲ್ಲದ, ಕಣ್ಣಿಗೆ ಬೀಳದ ಸಂಕೇತ ಎಂದರೆ ಇಂಗ್ಲಿಷಿಗಾಗಿ ಬರೆದ ಯಾವ ಸಾಧನಕ್ಕೂ ಕಸದ ಲಕ್ಷಣವೇ. ಮ್ಯಾಕಿನ ಬಿಬಿಎಡಿಟ್‌ನಲ್ಲಿ ಇಂಥವನ್ನು ತೆಗೆಯಲೆಂದೇ ಇರುವ ಆಜ್ಞೆಗೆ ‘ಗ್ರೆಮ್ಲಿನ್’ ಎಂದು ಪಿಶಾಚಿಯ ಹೆಸರಿದೆ. ‘ಕಾಣದ ಅಕ್ಷರ ತೆಗೆಯಿರಿ’ ಎನ್ನುವ ಸಾಧನಗಳು ಈಗ ಬೇಕಾದಷ್ಟು. ಅದರಲ್ಲಿ ನಿಜವಾದ ಕಸವೂ ಉಂಟು: ಬಿಡದ ಖಾಲಿ ಜಾಗ, ಎಡಿಟರ್ ಕರ್ಸರ್ ಇಡಲು ಸೇರಿಸಿಕೊಂಡ ಶೂನ್ಯ ಅಗಲದ ಖಾಲಿ, ಕಡತದ ತಲೆಯ ಬೈಟ್ ಗುರುತು. ಗುಡಿಸುವ ಒಂದೇ ಪೊರಕೆಗೆ ಎಲ್ಲವೂ ಸಿಗುತ್ತವೆ. ಬೇರ್ಪಡಿಕೆ ಮತ್ತು ಕೂಡಿಕೆಯ ಎರಡು ಸಂಕೇತಗಳನ್ನು ಹೆಸರು ಹಿಡಿದು ಹೊರಗಿಡದ ಹೊರತು ಆ ಪೊರಕೆಯನ್ನು ಕನ್ನಡ ಪುಟಕ್ಕೆ ಹಾಕಬಾರದು. ಒಮ್ಮೆ ಹೋದದ್ದನ್ನು ಯಂತ್ರ ಮರಳಿ ಕೂರಿಸಲಾರದು, ಏಕೆಂದರೆ ‘ರ್ಗೆ’ ಎಂಬುದು ಕನ್ನಡದಲ್ಲಿ ನ್ಯಾಯವಾದ ಒತ್ತಕ್ಷರವೂ ಹೌದು.

ಇಂದಿನ ಪುಟ

ಈಗಿನ ಜಾಲತಾಣಗಳಲ್ಲಿ ಕಸ ಬೇರೆ ರೂಪ ತಾಳಿದೆ. ಎಲಿಮೆಂಟರ್‌ನಂಥ ಪೇಜ್ ಬಿಲ್ಡರುಗಳು ಒಂದು ಶೀರ್ಷಿಕೆಯ ಸುತ್ತ ನಾಲ್ಕೈದು ಡಿವ್ ಡಬ್ಬಿ ಕಟ್ಟುತ್ತವೆ, ಬಳಸದ ವಿಜೆಟುಗಳ ಸಿಎಸ್‌ಎಸ್ ಕೂಡ ಎಲ್ಲ ಪುಟಕ್ಕೂ ಹೊರಿಸುತ್ತವೆ. ಗೂಗಲಿನ ಲೈಟ್‌ಹೌಸ್ ಒಂದು ಪುಟದಲ್ಲಿ 1,400ಕ್ಕೂ ಹೆಚ್ಚು ಅಂಶಗಳಿದ್ದರೆ ತಪ್ಪೆಂದು ತೋರಿಸುತ್ತದೆ. ಕ್ರೋಮಿನ ಕವರೇಜ್ ಫಲಕ, 2017ರಿಂದ, ಇಳಿದ ಕೋಡಿನಲ್ಲಿ ಎಷ್ಟು ಓಡಿತು ಎಷ್ಟು ಸುಮ್ಮನೆ ಬಂತು ಎಂದು ಬಣ್ಣದ ಪಟ್ಟಿಯಲ್ಲಿ ತೋರಿಸುತ್ತದೆ. ಆ ಪಟ್ಟಿ ನೋಡಿ ಕೂಡಲೇ ಕತ್ತರಿ ಎತ್ತಬಾರದು. ಮೆನು ತೆರೆದಾಗ, ಫಾರಂ ತಪ್ಪಿದಾಗ ಮಾತ್ರ ಬೇಕಾಗುವ ಶೈಲಿಗಳು ಪುಟ ತೆರೆದ ಗಳಿಗೆಯಲ್ಲಿ ಬಳಕೆಯಾಗದವೆಂದೇ ಎಣಿಕೆಯಾಗುತ್ತವೆ. ಹಾಗೆಯೇ 2018ರ ಡಿಸೆಂಬರಿನ ವರ್ಡ್‌ಪ್ರೆಸ್ 5.0ರಿಂದ ಪ್ರತಿ ಪ್ಯಾರಾದ ಮೇಲೂ ಕೆಳಗೂ ಕಾಣುವ ‘ಡಬ್ಲ್ಯುಪಿ’ ಟಿಪ್ಪಣಿಗಳು. ನೋಡಲು ಶುದ್ಧ ಕಸ. ಅವನ್ನು ತೆಗೆದರೆ ಎಡಿಟರಿಗೆ ಬ್ಲಾಕುಗಳ ಗುರುತು ಸಿಗದೆ ಇಡೀ ಲೇಖನವನ್ನು ಹಳೆಯ ಕಾಲದ ಒಂದೇ ಮುದ್ದೆಯಾಗಿ ತೆರೆಯುತ್ತದೆ. ಪುಟ ಓದುಗರಿಗೆ ಹೋಗುವಾಗ ವರ್ಡ್‌ಪ್ರೆಸ್ಸೇ ಅವನ್ನು ಕಳಚುತ್ತದೆ.

ಕನ್ನಡ ಪುಟದಲ್ಲಿ ಇವತ್ತು ಹೆಚ್ಚು ತೂಗುವುದು ಕೋಡಿಗಿಂತ ಫಾಂಟು. ಮುಂಬಯಿಯ ಎಕ್ ಟೈಪ್ ಬಳಗದ ‘ಬಲೂ ತಮ್ಮ’ ಮತ್ತು 2022ರ ‘ಅನೇಕ್ ಕನ್ನಡ’ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪೇಜ್ ಬಿಲ್ಡರ್ ಇಂಥ ಫಾಂಟಿನ ಎಲ್ಲ ದಪ್ಪಗಳನ್ನೂ ತರಿಸುತ್ತದೆ, ಪುಟ ಬಳಸುವುದು ಎರಡನ್ನು. ಉಳಿದವನ್ನು ಬಿಡುವುದು ಸಲೀಸು. ಫಾಂಟನ್ನು ತಮ್ಮ ಸರ್ವರಿನಲ್ಲೇ ಇಟ್ಟುಕೊಂಡು ಬೇಡದ ಅಕ್ಷರ ಕತ್ತರಿಸಲು ಹೋದವರು ಎಡವುವುದು ಇಲ್ಲಿ. ಗೂಗಲಿನ ಸಿಎಸ್‌ಎಸ್‌ನಲ್ಲಿ ಕನ್ನಡಕ್ಕೆಂದು ಬರೆದ ಸಂಕೇತಗಳ ಸಾಲಿನಲ್ಲಿ ಕನ್ನಡ ಬ್ಲಾಕಿನ ಹೊರಗಿನ ಸಂಖ್ಯೆಗಳೂ ಇವೆ. ದಂಡ ಮತ್ತು ಜೋಡಿ ದಂಡ ದೇವನಾಗರಿಯ ಬ್ಲಾಕಿನಲ್ಲಿವೆ, ರೂಪಾಯಿ ಚಿಹ್ನೆ ಕರೆನ್ಸಿಗಳ ನಡುವೆ, ಬೇರ್ಪಡಿಕೆ-ಕೂಡಿಕೆಯ ಸಂಕೇತಗಳು ಮತ್ತೆಲ್ಲೋ. ಅವು ಕನ್ನಡವಲ್ಲ ಎಂದು ಸಾಲಿನಿಂದ ಅಳಿಸಿದರೆ ಟಿಕೆಟ್ ದರದ ಮುಂದೆ ಬೇರೆ ಫಾಂಟಿನ ರೂಪಾಯಿ ಬರುತ್ತದೆ. ‘ಚೆಂಬೂರ್‌ನಿಂದ’ ಎಂಬ ಪದದ ನಡುವೆ ಬ್ರೌಸರ್ ಫಾಂಟು ಬದಲಿಸಬೇಕಾಗಿ ಬರಬಹುದು. ಕತ್ತರಿಸಿದ ಫಾಂಟನ್ನು ಪರೀಕ್ಷಿಸಲು ವರ್ಣಮಾಲೆ ಸಾಲದು. ಚರ್ಚ್‌ಗೇಟಿನಿಂದ ವಿರಾರ್‌ವರೆಗಿನ ನಿಲ್ದಾಣಗಳನ್ನು ‘ಗೆ’, ‘ನಲ್ಲಿ’, ‘ನಿಂದ’ ಹಚ್ಚಿ ಒಮ್ಮೆ ಬರೆದು ನೋಡಿದರೆ ಕೆಟ್ಟದ್ದು ಅಂಧೇರಿ ಬರುವ ಮೊದಲೇ ಕಣ್ಣಿಗೆ ಬೀಳುತ್ತದೆ.